ಬಯಲುಸೀಮೆಯಿಂದ ಬಂದ ಮೀನಕ್ಕ

ಮೊನ್ನೆ ಗಂಬೂಟು ಕೊಳ್ಳಲು ಸಕಲೇಶಪುರದ ಪೇಟೆಗೆ ಹೋಗಿದ್ದೆ. ಮುಂಗಾರು ಇನ್ನೇನು ಬಂದೇಬಿಟ್ಟಿತು ಎನ್ನುವ ಹೊತ್ತಿಗೆ ನಮ್ಮ ಕಡೆಯ ಅಂಗಡಿಗಳ ಮುಂದೆ ಛತ್ರಿ, ರೇನ್‌ಕೋಟುಗಳ ಜೊತೆಗೆ ಗಂಬೂಟುಗಳೂ ಸಾಲಾಗಿ ನೇತಾಡತೊಡಗುತ್ತವೆ. ನಾನು ಪ್ರಾಣಿಶಾಸ್ತ್ರ ಕಲಿಸುವ ಕಾಲೇಜಿನ ಮಕ್ಕಳನ್ನು ಮಳೆಗಾಲದ ಆರಂಭದಲ್ಲಿ ಹಳ್ಳಗಳಿಗೆ ಕರೆದುಕೊಂಡು ಹೋಗುವುದುಂಟು. ಅವರಿಗೆಂದೇ ಕೊಳ್ಳಲು ಹೋಗಿದ್ದು. ಅಂಗಡಿಯ ಸಾಬರು ಒಳಗಿನಿಂದ ಹೊಸ ಕಟ್ಟೊಂದನ್ನು ತಂದು ಪ್ಲಾಸ್ಟಿಕ್ ಹರಿದರು. ಹೊಸ ರಬ್ಬರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು.

"ಮೇಡಂ, ಯಾವ ನಂಬರ್ ಅಂತ ಆಗ್ಲಿಂದ ಕೇಳ್ತಾ ಇದೀನಿ..." ಎಂದು ಸಾಬರು ನಕ್ಕಾಗಲೇ ನಾನು ಮರಳಿ ಅಂಗಡಿಗೆ ಬಂದದ್ದು. ಅಷ್ಟು ಹೊತ್ತು ನಾನು ಮಾರನಹಳ್ಳಿಯ ಬಸ್‌ಸ್ಟಾಪಿನಲ್ಲಿದ್ದೆ, ಹಲವು ವರ್ಷಗಳ ಹಿಂದಿನ ಒಂದು ಸುಡುಬಿಸಿಲಿನ ಮಧ್ಯಾಹ್ನದಲ್ಲಿ.

ಆ ಮಧ್ಯಾಹ್ನ ಹಾಸನದ ಕಡೆಯಿಂದ ಬಂದ ಬಸ್ಸಿನಿಂದ ಒಬ್ಬಳು ಹುಡುಗಿ ಇಳಿದಿದ್ದಳು. ನೆಲ ಒಣಗಿ ಧೂಳೆದ್ದಿದ್ದ ಕಾಲದಲ್ಲಿ ಮೊಣಕಾಲುದ್ದದ ಹೊಚ್ಚಹೊಸ ಗಂಬೂಟು. ಹೆಗಲ ಮೇಲೆ ತನ್ನಷ್ಟೇ ಎತ್ತರದ ಬ್ಯಾಗು. ಕೈಯಲ್ಲಿ ಸುತ್ತಿಟ್ಟ ದಪ್ಪ ಹಗ್ಗ. ಹೋಟೆಲಿನ ಮುಂದೆ ಕಾಫಿ ಕುಡಿಯುತ್ತಿದ್ದ ಲಾರಿ ಡ್ರೈವರುಗಳು ಲೋಟ ಹಿಡಿದುಕೊಂಡೇ ತಿರುಗಿ ನೋಡಿದರು. ಅವಳು ಯಾರ ಕಡೆಗೂ ನೋಡದೆ ಟಪ್ ಟಪ್ ಎಂದು ನಡೆದು ಬಂದು ನನ್ನೆದುರು ನಿಂತಳು. "ನೀರಿಗಿಳಿಯಾಕ ಬರ್ತೈತಿ ಅಂದ ಹುಡುಗಿ ನೀನss ಏನು?" ಎಂದಳು.

ಅವಳು ಕೇಳಿದ ಹುಡುಗಿ ನಾನೇ. ಹಾಸನದಲ್ಲಿ ಎಂ.ಎಸ್ಸಿ. ಮುಗಿಸಿ ಆಲೂರು ತಾಲ್ಲೂಕಿನ ನಮ್ಮ ಮನೆಯಲ್ಲಿ ಮೆಣಸು ಬಿಡಿಸುತ್ತ ಕೂತಿದ್ದೆ. ನನ್ನ ಮೇಷ್ಟ್ರೊಬ್ಬರು ಫೋನ್ ಮಾಡಿ, ವಿಜಯಪುರದ ಕಡೆಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ನಮ್ಮ ಬೆಟ್ಟದ ಹಳ್ಳಗಳ ಮೀನಿನ ಮೇಲೆ ಕೆಲಸ ಮಾಡಲು ಬರುತ್ತಿದ್ದಾಳೆ, ನೀರಿನ ಭಯವಿಲ್ಲದ ಒಬ್ಬರು ಜೊತೆಗೆ ಬೇಕಂತೆ ಎಂದಿದ್ದರು. ಹೇಮಾವತಿಯ ಹಿನ್ನೀರಿನಲ್ಲಿ ಈಜಿ ಬೆಳೆದವಳು ನಾನು. ಆಗಲಿ ಎಂದೆ. ಅಮ್ಮನಿಗೆ ಮಾತ್ರ ಇದು ಅರ್ಥವೇ ಆಗಲಿಲ್ಲ. "ಮೀನ್ ಹಿಡಿಯಕ್ಕೆ ಎಂಎಸ್ಸಿ ಓದ್ಬೇಕಿತ್ತೇನೇ? ಕೆಳಗಿನಮನೆ ಹುಡುಗ್ರೆಲ್ಲ ಓದ್ದೇನೇ ಹಿಡೀತಾವಲ್ಲ" ಎಂದು ಬಟ್ಟೆ ಮಡಿಸಿ ಕೊಡುವಾಗಲೂ ಗೊಣಗಿದಳು.

ಬಸ್ಸಿಳಿದು ಬಂದವಳಿಗೆ ಹೆಸರಿತ್ತು. ಆದರೆ ನಮ್ಮ ಕಡೆ ಯಾರೂ ಅದನ್ನು ಬಳಸಲಿಲ್ಲ. ನಾನು ಮೊದಲ ದಿನದಿಂದಲೇ ಅಕ್ಕ ಎಂದೆ. ತೋಟದ ಆಳುಗಳ ಲೈನುಮನೆಯ ಹೆಂಗಸರು ಮೀನಕ್ಕ ಎಂದರು. ಆಮೇಲೆ ಅದೇ ನಿಂತಿತು.

ಮಾರನಹಳ್ಳಿಯಿಂದ ಒಳಗೆ ಹೋಗುವ ಮಣ್ಣುರಸ್ತೆಯ ಪಕ್ಕ, ಹಿಂದೆ ಯಾವುದೋ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಇದ್ದು ಬಿಟ್ಟುಹೋದ ಹೆಂಚಿನ ಮನೆಯಲ್ಲಿ ನಮ್ಮ ಬಿಡಾರ. ಮರುದಿನ ಬೆಳಿಗ್ಗೆ ಹಳ್ಳಕ್ಕೆ ಹೋದೆವು. ನೀರು ಮೊಣಕಾಲಿನವರೆಗೂ ಇರಲಿಲ್ಲ. ಅಕ್ಕ ಬ್ಯಾಗು ಇಳಿಸಿ, ಹಗ್ಗದ ಒಂದು ತುದಿಯನ್ನು ದಡದ ಮರಕ್ಕೆ ಬಿಗಿದಳು. ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಹಂಗ್ಯಾಕ ನೋಡ್ತಿ? ನನಗ ಈಜಾಕ ಬರಂಗಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಮೀನಿನ ಮೇಲೆ ಡಾಕ್ಟರೇಟ್ ಮಾಡಲು ಬಂದವಳಿಗೆ ಈಜು ಬಾರದು! ಅವಳಿಗೆ ಸಿಟ್ಟು ಬರಲಿಲ್ಲ. ಅವರ ಊರಿನಲ್ಲಿ ಇದ್ದದ್ದು ಬಾವಿಗಳು, ಆ ಬಾವಿಗಳಿಗೆ ಗಂಡುಹುಡುಗರು ಹಾರುತ್ತಿದ್ದರು, ಹೆಣ್ಣುಮಕ್ಕಳು ಕೊಡ ಇಳಿಸಿ ನೀರು ಸೇದುವುದಷ್ಟೇ ಎಂದಳು. "ಮತ್ತೆ ಮೀನೇ ಯಾಕೆ ಬೇಕಿತ್ತು ಅಕ್ಕ? ಹಕ್ಕಿ ನೋಡ್ಬಹುದಿತ್ತಲ್ಲ?" ಎಂದು ಕೇಳಿದೆ.

ಅವಳು ನೀರಿಗೆ ಕೈಹಾಕಿ, ಬಂಡೆಯೊಂದರ ಮಗ್ಗುಲನ್ನು ತೋರಿಸಿದಳು. ಬೆರಳುದ್ದದ ಕಂದುಬಣ್ಣದ ಮೀನು ಬಂಡೆಗೆ ಅಂಟಿಕೊಂಡು ಕೂತಿತ್ತು. ನಾವು ಚಿಕ್ಕಂದಿನಿಂದ ನೋಡಿದ ಕಲ್ಲುಮೀನು. ತಿನ್ನಲು ರುಚಿಯಿಲ್ಲ, ಯಾರೂ ಹಿಡಿಯುವುದಿಲ್ಲ. ಅಕ್ಕ ಕಾಲೇಜಿನಲ್ಲಿದ್ದಾಗ ಬಿಸಿಲೆ ಘಾಟಿಗೆ ಪ್ರವಾಸ ಬಂದಿದ್ದಳಂತೆ. ಅಲ್ಲಿನ ತೊರೆಯೊಂದರಲ್ಲಿ ಮೊದಲ ಸಲ ಇದನ್ನು ಕಂಡಿದ್ದು. "ಎಲಿ, ಕಡ್ಡಿ, ಕಲ್ಲು, ನನ್ನ ಚಪ್ಪಲಿ, ಎಲ್ಲಾ ಹರಕೊಂಡ ಹೊಂಟಿತ್ತು. ಇದೊಂದ ನಿಂತಿತ್ತು. ಇದಕ್ಕ ಇಷ್ಟು ಗಟ್ಟಿ ಎಲ್ಲಿಂದ ಬಂತು ಅಂತ ಅವತ್ತ ತಲಿಗೆ ಹೊಕ್ಕಿದ್ದು... ಇನ್ನೂ ಹೊರಗ ಬಂದಿಲ್ಲ."

ಆ ಗಟ್ಟಿತನ ಇರುವುದು ಮೀನಿನ ಗಲ್ಲದ ಅಡಿಯಲ್ಲಿ. ಅಲ್ಲಿ ಪುಟ್ಟ ಬಟ್ಟಲಿನಂಥ ಒಂದು ಅಂಗವಿದೆ. ಅದನ್ನು ಕಲ್ಲಿಗೆ ಒತ್ತಿಕೊಂಡರೆ ಎಂಥ ಸೆಳೆತಕ್ಕೂ ಮೀನು ಜಗ್ಗುವುದಿಲ್ಲ. ಬಿರುಸಾಗಿ ಧುಮುಕುವ ನೀರಿನಲ್ಲಿ ಬದುಕಲು ತಲೆತಲಾಂತರದಿಂದ ಅದು ಪಡೆದುಕೊಂಡ ಉಪಾಯ. ಅಕ್ಕನ ಪ್ರಶ್ನೆ ಇಷ್ಟೇ: ನೀರು ನಿಧಾನವಾಗಿಬಿಟ್ಟರೆ ಆ ಬಟ್ಟಲು ಏನಾಗುತ್ತದೆ? ಕಾಫಿಗೆ ಹೂವಿನ ಹೊತ್ತಿನಲ್ಲಿ ನೀರು ಹಾಯಿಸಲು ನಮ್ಮ ಕಡೆ ಹಳ್ಳಗಳಿಗೆ ಅಡ್ಡವಾಗಿ ಕಟ್ಟೆ ಕಟ್ಟುತ್ತಾರೆ. ಕಟ್ಟೆಯ ಮೇಲುಗಡೆ ಬೆಟ್ಟದಿಂದ ಇಳಿಯುವ ರಭಸದ ನೀರು. ಕೆಳಗಡೆ ಬೇಸಿಗೆಯಲ್ಲಿ ಬರೀ ಜಿನುಗು. ಹಾಗಿದ್ದರೆ ಕೆಳಗಿನ ಮೀನುಗಳ ಬಟ್ಟಲು ಸಣ್ಣದಾಗುತ್ತ ಬಂದಿರಬೇಕು. ಬೇಡದ್ದನ್ನು ಯಾವ ಜೀವಿ ಎಷ್ಟು ಕಾಲ ಹೊತ್ತು ತಿರುಗುತ್ತದೆ? ಹೀಗೆಂದು ಅವಳ ಊಹೆ. ಮೀನನ್ನು ಸಣ್ಣ ಬಲೆಯಲ್ಲಿ ಹಿಡಿದು, ಗಾಜಿನ ಡಬ್ಬಿಗೆ ಬಿಟ್ಟು, ಅಡಿಯಿಂದ ಫೋಟೋ ತೆಗೆದು, ಬಟ್ಟಲನ್ನು ಅಳೆದು, ಮತ್ತೆ ಹಿಡಿದ ಜಾಗದಲ್ಲೇ ಬಿಡುವುದು ನಮ್ಮ ಕೆಲಸ.

ಅವಳಿಗೆ ಈಜು ಕಲಿಸುವುದು ನನ್ನ ಇನ್ನೊಂದು ಕೆಲಸವಾಯಿತು. ಹಳ್ಳ ತಿರುಗಿಕೊಳ್ಳುವಲ್ಲಿ ಒಂದು ಮಡುವಿತ್ತು. ಎದೆಮಟ್ಟದ ನಿಂತ ನೀರು. ಕೆಲಸ ಮುಗಿದ ಮೇಲೆ ಸಂಜೆಗೆ ಮೊದಲು ಅಲ್ಲಿಗೆ ಇಳಿಯುತ್ತಿದ್ದೆವು. ಮೊದಮೊದಲು ಅವಳು ನನ್ನ ಕುತ್ತಿಗೆಯನ್ನು ಹಿಡಿದ ಹಿಡಿತ ನೆನೆದರೆ ಈಗಲೂ ಕತ್ತು ನೋಯುತ್ತದೆ. ಕಲ್ಲುಮೀನೂ ಅಷ್ಟು ಗಟ್ಟಿಯಾಗಿ ಕಲ್ಲು ಹಿಡಿದದ್ದನ್ನು ನಾನು ಕಂಡಿಲ್ಲ. "ಬಿಡಬ್ಯಾಡ, ಬಿಡಬ್ಯಾಡ, ನಮ್ಮವ್ವಗ ನಾ ಒಬ್ಬಾಕಿನss ಹೆಣ್ಮಗಳು!" ಎಂದು ಅವಳು ಕೂಗಿದರೆ ಕಾಫಿ ಕೊಯ್ಯುತ್ತಿದ್ದ ಹೆಂಗಸರು ಬುಟ್ಟಿ ಇಳಿಸಿ ಓಡಿಬಂದು ದಡದಲ್ಲಿ ನಿಂತು ನಗುತ್ತಿದ್ದರು. ಕಾಲು ಬಡಿ ಎಂದರೆ ಕೈ ಬಡಿಯುತ್ತಿದ್ದಳು. ಉಸಿರು ಬಿಡು ಎಂದರೆ ನೀರು ಕುಡಿಯುತ್ತಿದ್ದಳು. ಆದರೆ ಒಂದು ದಿನವೂ ಇವತ್ತು ಬೇಡ ಎನ್ನಲಿಲ್ಲ. ಬೇಸಿಗೆಯ ಕೊನೆಯ ಹೊತ್ತಿಗೆ, ಒಂದು ಸಂಜೆ, ನಾನು ಬೆನ್ನಿನಡಿಯ ಕೈಯನ್ನು ಹೇಳದೆ ತೆಗೆದೆ. ಅವಳು ಅಂಗಾತ ತೇಲುತ್ತಲೇ ಇದ್ದಳು. ಮುಖ ಆಕಾಶಕ್ಕೆ, ಕಿವಿ ನೀರಿನೊಳಗೆ. ಎಷ್ಟೋ ಹೊತ್ತಿನ ಮೇಲೆ, "ತಂಗಿ, ಕೈ ತಗೀಬ್ಯಾಡ ಹಾಂ" ಎಂದಳು. ನಾನು ಆಗಲೇ ದಡದಲ್ಲಿ ಕೂತು ಕಾಲಿಗೆ ಹತ್ತಿದ್ದ ಜಿಗಣೆ ಕಿತ್ತುಕೊಳ್ಳುತ್ತಿದ್ದೆ.

ನಾವು ಅಳೆಯುತ್ತಿದ್ದ ಕಟ್ಟೆ ಇದ್ದದ್ದು ಗೌಡರ ತೋಟದೊಳಗೆ. ಆ ತೋಟ ಯಾವುದೆಂದು ನಾನಿಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ಗೌಡರು ಅರವತ್ತು ದಾಟಿದವರು, ದಪ್ಪ ಮೀಸೆ, ಗಟ್ಟಿ ದನಿ. ಹಳೆಯ ಜೀಪನ್ನು ತಾವೇ ಓಡಿಸುತ್ತಿದ್ದರು. ಮೊದಲ ಸಲ ಅನುಮತಿ ಕೇಳಲು ಹೋದಾಗ ಕಾಫಿ ಕೊಟ್ಟು, ಅಕ್ಕನ ಊರು, ಅಪ್ಪನ ಕೆಲಸ ಎಲ್ಲ ವಿಚಾರಿಸಿದರು. ಕಲ್ಲುಮೀನೆಂದಾಗ ಹೊಟ್ಟೆ ಹಿಡಿದು ನಕ್ಕು, "ಅಳ್ಕಳಮ್ಮ, ಎಷ್ಟ್ ಬೇಕಾದ್ರೂ ಅಳ್ಕೋ. ಅದುನ್ನ ನಮ್ಮನೆ ಬೆಕ್ಕೂ ತಿನ್ನಲ್ಲ" ಎಂದು ಗೇಟಿನವನಿಗೆ ಹೇಳಿ ಕಳಿಸಿದ್ದರು.

ಎರಡನೆಯ ಬೇಸಿಗೆಯಲ್ಲಿ ಎಲ್ಲ ತಿರುಗಿತು. ಸರ್ಕಾರದವರು ಬೆಟ್ಟದ ಊರುಗಳನ್ನೆಲ್ಲ ಪರಿಸರ ಸೂಕ್ಷ್ಮ ಪ್ರದೇಶ ಮಾಡಿಬಿಡುತ್ತಾರೆ, ಆಮೇಲೆ ಸ್ವಂತ ತೋಟದಲ್ಲಿ ಮರದ ರೆಂಬೆ ಕಡಿಯಲೂ ಬಿಡುವುದಿಲ್ಲ ಎಂಬ ಮಾತು ಹಬ್ಬಿತ್ತು. ಪೇಟೆಯಲ್ಲಿ ಬೆಳೆಗಾರರ ಸಭೆಗಳಾದವು. ಅಪರೂಪದ ಪ್ರಾಣಿ ಇದೆಯೆಂದು ಯಾರಾದರೂ ಬರೆದರೆ ಸಾಕು, ತೋಟ ಕಾಡಿನ ಲೆಕ್ಕಕ್ಕೆ ಹೋಗುತ್ತದೆ ಎಂದು ಯಾರೋ ಗೌಡರ ಕಿವಿಗೆ ಹಾಕಿದ್ದರು. ಒಂದು ಬೆಳಿಗ್ಗೆ ನಾವು ಹೋದಾಗ ಗೇಟಿಗೆ ಅವರೇ ಜೀಪು ಅಡ್ಡ ನಿಲ್ಲಿಸಿಕೊಂಡಿದ್ದರು.

"ಯಾರ್ ಕಳ್ಸಿರದು ನಿಮ್ಮನ್ನ? ನಿಜ ಹೇಳ್ಬುಡಿ."

ಯಾರೂ ಕಳಿಸಿಲ್ಲ, ಇದು ಓದಿನ ಕೆಲಸ ಎಂದು ಅಕ್ಕ ಹೇಳಿದಳು. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. "ನಮ್ಮಪ್ಪ ಬೆಟ್ಟ ಕಡ್ದು ಮಾಡಿರ ತೋಟ ಕಣಮ್ಮ ಇದು. ನೀನು ಮೀನು ಅಳ್ದು, ನನ್ ಮಕ್ಳು ಬೀದಿಗ್ ಬಂದ್ರೆ? ನಾಳಿಂದ ಈ ಕಡೆ ಕಾಲ್ ಇಕ್ಕಬ್ಯಾಡ್ರಿ." ದನಿ ಗಡುಸಾಗಿತ್ತು. ಆದರೆ ಮಾತಾಡುವಾಗೆಲ್ಲ ಅವರು, ನಮ್ಮ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೆಯೇ ಎಂದು ರಸ್ತೆಯ ಕಡೆ ಇಣುಕುತ್ತಿದ್ದರು. ವಾಪಸು ನಡೆಯುವಾಗ ಅಕ್ಕ, "ಅಂಜಿಕಿ ಅದು. ಸಿಟ್ಟಲ್ಲ" ಎಂದಳು.

ಅದಕ್ಕಿಂತ ದೊಡ್ಡ ಪೆಟ್ಟು ಮನೆಯೊಳಗೇ ಕಾದಿತ್ತು. ಆ ತನಕ ಅಳೆದದ್ದನ್ನೆಲ್ಲ ಅಕ್ಕ ಲ್ಯಾಪ್‌ಟಾಪಿಗೆ ಹಾಕಿ ನೋಡಿದಳು. ಮೇಲಿನ ಮೀನಿಗೂ ಕೆಳಗಿನ ಮೀನಿಗೂ ಏನೇನೂ ವ್ಯತ್ಯಾಸವಿರಲಿಲ್ಲ. ಬಟ್ಟಲು ಅಷ್ಟೇ ಅಗಲ, ಅಷ್ಟೇ ಆಳ. ಮತ್ತೆ ಮತ್ತೆ ನೋಡಿದಳು. ಬಾಗಿಲ ಮೆಟ್ಟಿಲ ಮೇಲೆ ಬಂದು ಕೂತಳು.

"ಏನೂ ಇಲ್ಲ ತಂಗಿ. ಎಲ್ಲಾ ಒಂದss ಅದಾವ."

ವ್ಯತ್ಯಾಸವಿಲ್ಲ ಎನ್ನುವುದೂ ಒಂದು ಉತ್ತರವೇ ಎಂದು ಅವಳ ಗೈಡ್ ಫೋನಿನಲ್ಲಿ ಸಮಾಧಾನ ಹೇಳಿದರು. ಅವಳಿಗೆ ಸಮಾಧಾನವಾಗಲಿಲ್ಲ. ಅವಳು ನಿಜವಾಗಿ ಬೇಸರಪಟ್ಟಿದ್ದು ಊಹೆ ಸುಳ್ಳಾದದ್ದಕ್ಕಲ್ಲ ಎಂದು ನನಗೆ ಆಮೇಲೆ ಅನ್ನಿಸಿತು. ಏಕೆ ಸುಳ್ಳಾಯಿತು ಎಂಬುದು ಗೊತ್ತಾಗದೇ ಹೊರಟುಹೋಗಬೇಕಲ್ಲ, ಅದು ಅವಳನ್ನು ತಿನ್ನುತ್ತಿತ್ತು. ಆ ವಾರ ಒಲೆ ಹಚ್ಚುವ ಮನಸ್ಸೂ ಅವಳಿಗಿರಲಿಲ್ಲ. ಊರಿಗೆ ಹೋಗಿ ಬಿ.ಎಡ್. ಸೇರುತ್ತೇನೆ, ಶಾಲೆಯಲ್ಲಿ ವಿಜ್ಞಾನ ಹೇಳಿಕೊಂಡು ಇರುತ್ತೇನೆ ಎಂದಳು. ಇತ್ತ ನನಗೂ ಅಮ್ಮನ ಫೋನು. ಬೇಲೂರಿನ ಕಡೆಯವರು ಹೆಣ್ಣು ನೋಡಲು ಬರುತ್ತಾರೆ, ಮೀನು ಸಾಕು, ಬಂದುಬಿಡು ಎಂದು. ನಮ್ಮಿಬ್ಬರ ಮೀನಿನ ಕಾಲವೂ ಅಲ್ಲಿಗೆ ಮುಗಿಯಿತು ಎಂದೇ ನಾನು ತಿಳಿದಿದ್ದೆ.

ನಮ್ಮ ಸಾಮಾನು ಕಟ್ಟಿಡುವಾಗ ನೆನಪಾಯಿತು... ನೀರಿನ ಬಿಸಿ ಅಳೆಯುವ ಉಪಕರಣಗಳು ಕಟ್ಟೆಯ ಬುಡದಲ್ಲೇ ಉಳಿದುಬಿಟ್ಟಿದ್ದವು. ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕಾದ ವಸ್ತುಗಳು. ನಾನು ಗೌಡರಿಗೆ ಫೋನ್ ಮಾಡಿ, ಒಂದು ಗಳಿಗೆ ಒಳಗೆ ಬಿಟ್ಟರೆ ಅವನ್ನು ತೆಗೆದುಕೊಂಡು ಹೊರಟುಬಿಡುತ್ತೇವೆ ಎಂದು ಕೇಳಿಕೊಂಡೆ. "ಬನ್ನಿ. ನಾನೇ ಬಂದು ನಿಂತ್ಕಂತೀನಿ" ಎಂದರು.

ಅಷ್ಟರಲ್ಲಿ ಮುಂಗಾರು ಕಾಲಿಟ್ಟಿತ್ತು. ಹಿಂದಿನ ವರ್ಷ ಈ ಹೊತ್ತಿಗೆ ಅಕ್ಕ ವಿಶ್ವವಿದ್ಯಾಲಯಕ್ಕೆ ಹಿಂದಿರುಗಿದ್ದಳು. ಮಳೆ ಹಿಡಿದ ಮೇಲೆ ಹಳ್ಳಕ್ಕೆ ಇಳಿಯುವಂತಿಲ್ಲವೆಂದು ಅಳತೆಯನ್ನೆಲ್ಲ ಬೇಸಿಗೆಯಲ್ಲೇ ಇಟ್ಟುಕೊಂಡಿದ್ದೆವು. ಹೀಗಾಗಿ ಮಳೆನೀರು ಕಟ್ಟೆ ತುಂಬಿ ಕೋಡಿ ಬೀಳುವುದನ್ನು ನಾವಿಬ್ಬರೂ ನೋಡಿರಲೇ ಇಲ್ಲ. ಆ ಬೆಳಿಗ್ಗೆ ಮಳೆ ಬಿಟ್ಟಿತ್ತು. ಕಟ್ಟೆಯ ನಡುವಿನಿಂದ ನೀರು ಧುಮುಕುತ್ತಿತ್ತು. ಎರಡೂ ಮಗ್ಗುಲಲ್ಲಿ ಮಾತ್ರ ತೆಳ್ಳಗೆ, ಗೋಡೆಯನ್ನು ಸವರಿಕೊಂಡು ಇಳಿಯುತ್ತಿತ್ತು. ಗೌಡರು ಛತ್ರಿ ಊರಿಕೊಂಡು ದಡದ ಮೇಲೆ ನಿಂತಿದ್ದರು. ನಮ್ಮ ಮುಖ ನೋಡಲಿಲ್ಲ.

ಅಕ್ಕ ಗೋಡೆಯ ಬುಡಕ್ಕೆ ಹೋಗಿ ಬಗ್ಗಿದವಳು ಬಗ್ಗಿದಂತೆಯೇ ನಿಂತುಬಿಟ್ಟಳು. ಕಾಲಿಗೆ ಏನಾದರೂ ಕಚ್ಚಿತೇನೋ ಎಂದು ನಾನು ಓಡಿದೆ. ಅವಳು ನನ್ನ ತೋಳು ಹಿಡಿದು ಗೋಡೆಯ ಕಡೆ ತಿರುಗಿಸಿದಳು.

ಒದ್ದೆ ಗೋಡೆಯ ತುಂಬ ಕಲ್ಲುಮೀನುಗಳು. ಕಡ್ಡಿಯಷ್ಟು ಸಣ್ಣ ಮರಿಗಳು, ಬೆರಳುದ್ದದವು, ಎಲ್ಲವೂ ಸೇರಿ ನೆಟ್ಟಗೆ ನಿಂತ ಕಲ್ಲನ್ನು ಹತ್ತುತ್ತಿದ್ದವು. ಬಟ್ಟಲನ್ನು ಒತ್ತಿ ಹಿಡಿದು ಸುಮ್ಮನಿರುವುದು, ಬಾಲ ಬಡಿದು ಒಂದು ಚೂರು ಮೇಲಕ್ಕೆ ಜಿಗಿಯುವುದು, ಮತ್ತೆ ಒತ್ತಿ ಹಿಡಿಯುವುದು. ಮಳೆಗಾಲದ ಆರಂಭದಲ್ಲಿ ದೊಡ್ಡ ಮೀನುಗಳು ಹೊಳೆಯಲ್ಲಿ ಮೇಲಕ್ಕೆ ಹತ್ತುವುದು, ಜನ ಅವನ್ನು ಹಿಡಿಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಯಾರಿಗೂ ಬೇಡದ ಈ ಮೀನು ನೀರಿನಿಂದ ಹೊರಗೆ ಬಂದು ಗೋಡೆ ಹತ್ತುವುದನ್ನು ನಾನು ಕಂಡಿರಲಿಲ್ಲ.

"ಗೌಡ್ರ, ಬರ್ರಿ ಇಲ್ಲಿ. ಸ್ವಲ್ಪ ಬಂದು ನೋಡ್ರಿ" ಎಂದು ಅಕ್ಕ ಕೂಗಿದಳು. ಎಷ್ಟೋ ದಿನಗಳ ಮೇಲೆ ಅವಳ ದನಿಯಲ್ಲಿ ಜೀವವಿತ್ತು. ಅವರು ಅನುಮಾನಿಸುತ್ತಲೇ ಪಂಚೆ ಎತ್ತಿಕಟ್ಟಿ ಇಳಿದು ಬಂದರು. ಕನ್ನಡಕ ಒರೆಸಿಕೊಂಡು ಗೋಡೆಗೆ ಮುಖ ಹತ್ತಿರ ತಂದರು.

ಆಮೇಲೆ ನಾವು ಮೂವರೂ ಒಟ್ಟಿಗೇ ಇನ್ನೊಂದನ್ನು ಕಂಡೆವು. ಗೋಡೆಯ ಮೇಲ್ತುದಿಯಲ್ಲಿ ಸಿಮೆಂಟಿನ ಒಂದು ಅಂಚು ಹೊರಕ್ಕೆ ಚಾಚಿಕೊಂಡಿತ್ತು. ನೀರು ಆ ಅಂಚಿನಿಂದ ಹನಿಯಾಗಿ ಬೀಳುತ್ತಿತ್ತು. ಅಲ್ಲಿಯವರೆಗೆ ಹತ್ತಿಬಂದ ಮೀನುಗಳು ಅಂಚಿನಡಿಗೆ ಬಂದು, ಹಿಡಿಯಲು ಒದ್ದೆ ಕಲ್ಲು ಸಿಗದೆ, ಪಟಪಟನೆ ಕೆಳಕ್ಕೆ ಉದುರುತ್ತಿದ್ದವು. ಬಿದ್ದವು ಮತ್ತೆ ಬುಡದಿಂದ ಹತ್ತಲು ಶುರುಮಾಡುತ್ತಿದ್ದವು.

"ನಮ್ಮಪ್ಪನ ಕಾಲ್ದಲ್ಲಿ ಬರೀ ಕಾಡುಗಲ್ಲಿನ ಕಟ್ಟೆ ಇತ್ತು," ಎಂದರು ಗೌಡರು ನಿಧಾನವಾಗಿ. "ಈ ಸಿಮೆಂಟು ನಾನು ಹಾಕ್ಸಿದ್ದು. ಮೊನ್ನೆ ಮೊನ್ನೆ. ನೀರು ಸೋರ್ಬಾರ್ದು ಅಂತ..." ಇನ್ನೊಂದು ಮೀನು ಅವರ ಕಣ್ಣೆದುರೇ ಬಿತ್ತು. "ಥತ್, ಹತ್ರಕ್ ಹೋಗಿತ್ತಲ್ಲ!" ಎಂದರು.

ಅಕ್ಕನ ಕಣ್ಣಲ್ಲಿ ನೀರು ತುಂಬಿತ್ತು. ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮೇಲಿನ ಮೀನು, ಕೆಳಗಿನ ಮೀನು ಎಂದು ಬೇರೆ ಮಾಡಿದವರು ನಾವು. ಅವು ಬೇರೆಯಾಗಿರಲೇ ಇಲ್ಲ. ಕಾಡುಗಲ್ಲಿನ ಕಟ್ಟೆ ಇದ್ದಷ್ಟು ಕಾಲವೂ ವರ್ಷ ವರ್ಷ ಹತ್ತಿ ಹೋಗಿ ಮೇಲಿನವುಗಳ ಜೊತೆ ಕೂಡುತ್ತಿದ್ದವು. ರಭಸದಲ್ಲಿ ನಿಲ್ಲಲು ಪಡೆದ ಬಟ್ಟಲನ್ನೇ ಕಟ್ಟೆ ಬಂದ ಮೇಲೆ ಏಣಿ ಮಾಡಿಕೊಂಡಿದ್ದವು. ಅದು ಸಣ್ಣದಾಗುವುದಾದರೂ ಹೇಗೆ? ಇನ್ನು ಈ ಅಂಚು ಹೀಗೇ ಉಳಿದರೆ ಮಾತ್ರ ಕೆಳಗಿನವು ನಿಜವಾಗಿಯೂ ಬೇರೆಯಾಗಿ ಹೋಗುತ್ತವೆ.

"ಇದಕ್ಕೇನ್ ಮಾಡ್ಬೇಕು?" ಗೌಡರು ಕೇಳಿದರು.

"ನನಗೂ ಗೊತ್ತಿಲ್ರಿ," ಎಂದಳು ಅಕ್ಕ. "ನೋಡೂಣು."

ಆ "ಗೊತ್ತಿಲ್ಲ" ಎಂಬ ಮಾತೇ ಗೌಡರನ್ನು ಗೆದ್ದಿತೆಂದು ನನ್ನ ನಂಬಿಕೆ. ಎಲ್ಲ ಗೊತ್ತಿದ್ದು ಯಾರದೋ ಪರವಾಗಿ ಬಂದವಳು ಹಾಗೆ ಹೇಳುವುದಿಲ್ಲ. ಅವತ್ತೇ ಅವರು ಸ್ಟೋರಿನಿಂದ ಕಾಫಿ ತುಂಬುವ ಗೋಣಿಚೀಲಗಳನ್ನು ತರಿಸಿದರು. ಅಂಚಿನ ಮೇಲಿನಿಂದ ಕೆಳಕ್ಕೆ ಇಳಿಬಿಟ್ಟರೆ ಒದ್ದೆ ಚೀಲ ಹಿಡಿದು ಮೀನು ಹತ್ತಬಹುದೆಂದು ಉಪಾಯ. ಚೀಲ ನೀರಿಗೆ ಪಟಪಟ ಬಡಿದು ಮೀನುಗಳನ್ನು ಇನ್ನೂ ದೂರಕ್ಕೆ ಎಸೆಯಿತು. ಕಲ್ಲು ಕಟ್ಟಿ ಚೀಲ ಬಿಗಿದರು. ಆಗಲೂ ಸಣ್ಣ ಮರಿಗಳು ನಾರಿಗೆ ಸಿಕ್ಕಿ ಒದ್ದಾಡಿದವು. ಅಕ್ಕ ಅವನ್ನು ಒಂದೊಂದಾಗಿ ಬಿಡಿಸಿದಳು. ಗೌಡರು ಸುಮ್ಮನೆ ಕೂರುವವರಲ್ಲ. ಮರುದಿನ ಮೇಸ್ತ್ರಿಯನ್ನು ಕರೆಸಿ ಒಂದು ಮಗ್ಗುಲಿನ ಅಂಚನ್ನು ಒಡೆಸಿದರು. ಅಲ್ಲಿ ಗೋಡೆಗೆ ಒರಗಿದ ಹಾಗೆ ಇಳಿಜಾರು ಮಾಡಿ, ಹಳ್ಳದ್ದೇ ಒರಟು ಕಲ್ಲುಗಳನ್ನು ಅರ್ಧ ಹೂತು ಕೂರಿಸಬೇಕೆಂದು ಅಕ್ಕ ಹೇಳಿದಳು. ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ಹಾಕಿದ ಸಿಮೆಂಟು ಒಮ್ಮೆ ಕೊಚ್ಚಿಹೋಯಿತು. ಗೌಡರು ತಾವೇ ಟಾರ್ಪಾಲು ಹಿಡಿದು ನಿಂತರು. ಮೇಸ್ತ್ರಿ, "ಮೀನಿಗ್ ಮೆಟ್ಲು ಕಟ್ಟಿದ್ದು ಇದೇ ಫಸ್ಟು ಸ್ವಾಮಿ" ಎಂದು ನಗುತ್ತಲೇ ಕಟ್ಟಿದ.

ಸಿಮೆಂಟು ಒಣಗಿ ನೀರು ಬಿಟ್ಟ ದಿನ ನಾವೆಲ್ಲ ಬುಡದಲ್ಲಿ ಕಾದು ಕೂತೆವು. ಬಹಳ ಹೊತ್ತು ಏನೂ ಆಗಲಿಲ್ಲ. ಮೀನುಗಳು ಹಳೆಯ ಜಾಗದಲ್ಲೇ ಹತ್ತಿ ಹತ್ತಿ ಬೀಳುತ್ತಿದ್ದವು. ನನಗೆ ಮನಸ್ಸು ಕುಸಿಯಿತು. ಅಕ್ಕ ಮಾತ್ರ ಅಲುಗಾಡದೆ ಕೂತಿದ್ದಳು. ಕೊನೆಗೆ ಒಂದು, ಬೆರಳುದ್ದದ್ದು, ಇಳಿಜಾರಿನ ಕಡೆಗೆ ಸರಿದು, ಮೊದಲ ಕಲ್ಲು ಹಿಡಿಯಿತು. ಆಮೇಲೆ ಎರಡನೆಯದು. ತುದಿಗೆ ಹೋಗಿ ನಿಂತಿತು. ಒಂದು ಸಲ ಬಾಲ ಬಡಿದು ಕಟ್ಟೆಯಾಚೆಯ ನೀರಿಗೆ ಜಾರಿಕೊಂಡಿತು.

"ಹೋಗ್ಬುಡ್ತು! ಹೋಗ್ಬುಡ್ತು ಕಣ್ರೋ!" ಗೌಡರ ಕೂಗಿಗೆ ಮೇಲಿನ ತೋಟದಲ್ಲಿದ್ದ ಆಳುಗಳು, ಏನು ಹೋಯಿತೋ ಎಂದು ಗಾಬರಿಯಿಂದ ಓಡಿಬಂದರು.

ಹೊರಡುವ ಮೊದಲು ಗೌಡರು ಅಕ್ಕನನ್ನು ಪಕ್ಕಕ್ಕೆ ಕರೆದು ಕೇಳಿಕೊಂಡದ್ದು ಒಂದೇ. ಅವಳು ಬರೆಯುವುದರಲ್ಲಿ ತಮ್ಮ ತೋಟದ ಹೆಸರು ಬರಬಾರದು. "ಭಯ ಹೋಗಿಲ್ಲ ಕಣಮ್ಮ. ಏನ್ ಮಾಡ್ಲಿ?" ಎಂದರು. ಅಕ್ಕ, "ತೋಟದ ಹೆಸರು ಬರ್ಯಂಗಿಲ್ರಿ. ಆದ್ರ ಮೀನ ಹತ್ತಿದ್ದು ಬರೀತೀನ್ರಿ" ಎಂದಳು. ಹಾಗೆಯೇ ಬರೆದಳು. ಅವಳು ಕೊಟ್ಟ ಮಾತನ್ನು ಈ ಲೇಖನದಲ್ಲೂ ನಾನು ಮುರಿದಿಲ್ಲ.

ಬಿ.ಎಡ್. ಮಾತು ಆಮೇಲೆ ಬರಲಿಲ್ಲ. ಬೇಲೂರಿನವರು ಬಂದು ಹೋದರು. ನಾನು ಮುಂದೆ ಓದುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಅಕ್ಕನೇ ಮನೆಗೆ ಬಂದು, ಅಮ್ಮ ಮಾಡಿದ ಕಡುಬು ತಿಂದು, ಫೋನಿನಲ್ಲಿ ಮೀನು ಗೋಡೆ ಹತ್ತುವ ವಿಡಿಯೋ ತೋರಿಸಿದಳು. ಅಮ್ಮ ಎರಡೆರಡು ಸಲ ನೋಡಿ, "ಇದು ಓದಿದ್ರೇನೇ ಕಾಣದೇನೋ ಬುಡು" ಎಂದಳು. ಒಪ್ಪಿಗೆ ಸಿಕ್ಕಿತು.

ಅಕ್ಕನಿಗೆ ಡಾಕ್ಟರೇಟ್ ಬಂತು. ಈಶಾನ್ಯದ ಬೆಟ್ಟಗಳ ಹೊಳೆಗಳಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಫೋನ್ ಮಾಡುತ್ತಿದ್ದಳು. ನೀರು ಮಂಜುಗಡ್ಡೆ ಕರಗಿಸಿದ ಹಾಗಿದೆ, ಇಲ್ಲಿನ ಮೀನುಗಳು ನಿಮ್ಮ ಕಡೆಯವಕ್ಕಿಂತ ಹಟಮಾರಿ, ಮತ್ತೆ ನಾನು ಇಲ್ಲಿನ ಮಕ್ಕಳಿಗೆ ಈಜು ಕಲಿಸುತ್ತಿದ್ದೇನೆ! ಈ ಕೊನೆಯ ಮಾತು ಹೇಳಿ ಎಷ್ಟು ನಕ್ಕಿದ್ದಳೆಂದರೆ... ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಅವಳನ್ನು ಕರೆದೊಯ್ದದ್ದು ನೀರಲ್ಲ. ರಜೆಗೆಂದು ಊರಿಗೆ ಬಂದವಳಿಗೆ ಜ್ವರ ಬಂತು. ಬಿಟ್ಟು ಮತ್ತೆ ಬಂತು. ಆಸ್ಪತ್ರೆಗೆ ಸೇರಿಸಿದರು. ಅವಳ ತಮ್ಮ ಫೋನ್ ಮಾಡಿದಾಗ ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಕಪ್ಪು ಹಲಗೆ ಒರೆಸುತ್ತಿದ್ದೆ. ಗೌಡರಿಗೆ ನಾನೇ ಹೋಗಿ ಹೇಳಿದೆ. ಕಣದಲ್ಲಿ ಕಾಫಿ ಹರಡಿಸುತ್ತ ನಿಂತಿದ್ದವರು, "ನೀರಲ್ ಮುಳುಗುದ್ಲಾ?" ಎಂದು ಕೇಳಿದರು. ಅಲ್ಲ, ಜ್ವರ ಎಂದೆ. "ಈಜು ಕಲ್ತಿದ್ಲಲ್ಲ ಮಗು..." ಎಂದು ತಮಗೆ ತಾವೇ ಹೇಳಿಕೊಂಡು ಮನೆಯೊಳಗೆ ಹೋಗಿಬಿಟ್ಟರು.

ಆ ವರ್ಷದ ಮುಂಗಾರಿನಲ್ಲಿ ನಾನು ಕಟ್ಟೆಯ ಹತ್ತಿರ ಹೋಗಲಿಲ್ಲ. ಹೋಗಲಾಗಲಿಲ್ಲ. ಅದರ ಮುಂದಿನ ವರ್ಷ ಗೌಡರೇ ಫೋನ್ ಮಾಡಿದರು. ಪಕ್ಕದ ತೋಟದವರು ಬಂದು ನೋಡಿ ತಮ್ಮ ಕಟ್ಟೆಗೂ ಅಂಥದ್ದೇ ಇಳಿಜಾರು ಮಾಡಿಸಬೇಕೆನ್ನುತ್ತಿದ್ದಾರೆ, ಕಲ್ಲು ಹೇಗೆ ಕೂರಿಸಬೇಕೆಂದು ನೀನು ಬಂದು ಹೇಳು ಎಂದರು. ಹೋದೆ. ಆ ಮೇಲೆ ಇನ್ನೊಂದು ಹಳ್ಳದಲ್ಲಿ, ಮತ್ತೊಂದರಲ್ಲಿ ಕಟ್ಟಿದೆವು. ಎಲ್ಲವೂ ಗೆಲ್ಲಲಿಲ್ಲ. ಒಂದು ಕಡೆ ಮಳೆ ಇಳಿಜಾರನ್ನೇ ಎತ್ತಿಕೊಂಡು ಹೋಯಿತು. ಆದರೆ ಯಾವ ಹಳ್ಳದ ಮೀನು ಎಂಥ ಕಲ್ಲನ್ನು ಹತ್ತಬಲ್ಲದು ಎಂಬುದೇ ನನ್ನ ಓದಿನ ವಿಷಯವಾಯಿತು. ಈಗ ನನ್ನ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಅದನ್ನೇ ಇನ್ನೂ ಮುಂದಕ್ಕೆ ಒಯ್ಯುತ್ತಿದ್ದಾಳೆ. ನನಗೆ ಹೊಳೆಯದ ಪ್ರಶ್ನೆಗಳನ್ನು ಕೇಳುತ್ತಾಳೆ. "ಗೊತ್ತಿಲ್ಲ, ನೋಡೋಣ" ಎನ್ನುವಾಗ ನನ್ನ ಬಾಯಲ್ಲಿ ಇನ್ನೊಬ್ಬರ ದನಿ ಬಂದಂತಾಗುತ್ತದೆ.

ಹೋದ ವರ್ಷದ ಮುಂಗಾರಿಗೆ ಅಕ್ಕನ ಅವ್ವ ಬಂದಿದ್ದರು. ಮಗಳು ಅಷ್ಟು ದೂರ ಹೋಗಿ ಏನು ಮಾಡುತ್ತಿದ್ದಳೆಂದು ಒಮ್ಮೆ ಕಣ್ಣಿಂದ ನೋಡಬೇಕೆಂದು ಮಗನಿಗೆ ಹೇಳಿದ್ದರಂತೆ. ಅವನು ಸಕಲೇಶಪುರದವರೆಗೆ ತಂದು ಬಿಟ್ಟ. ನಾನು ಅವರನ್ನು ಕಟ್ಟೆಗೆ ಕರೆದುಕೊಂಡು ಹೋದೆ. ಗೌಡರಿಗೆ ಈಗ ಮಂಡಿನೋವು. ಆದರೂ ಕೋಲೂರಿಕೊಂಡು ಇಳಿದು ಬಂದರು. "ನಿಮ್ ಮಗ್ಳು ಕಟ್ಸಿದ್ದು ಕಣವ್ವ ಇದು" ಎಂದು ಇಳಿಜಾರನ್ನು ತೋರಿಸಿದರು.

ಅವ್ವ ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು ನೀರಿನ ಅಂಚಿನ ಕಲ್ಲಿನ ಮೇಲೆ ಕೂತರು. ಇಷ್ಟು ನೀರನ್ನು ಅವರು ಒಟ್ಟಿಗೆ ನೋಡಿದ್ದು ಅಪರೂಪವಿರಬೇಕು. ಮೊದಲು ಅತ್ತರು. ಸದ್ದಿಲ್ಲದೆ, ಸೆರಗು ಬಾಯಿಗೆ ಹಿಡಿದು. "ಇದಕ್ಕss ಏನವ್ವ ಆಕಿ ಮನಿ ಬಿಟ್ಟು ಬಂದಿದ್ದು?" ಎಂದು ನನ್ನನ್ನು ಕೇಳಿದರು. ಹೌದವ್ವ, ಇದಕ್ಕೇ ಎಂದೆ. ಅವರು ತಲೆಯಾಡಿಸಿದರು. ಬಗ್ಗಿ ನೋಡತೊಡಗಿದರು. ಒಂದು ಮೀನು ಹತ್ತಿಹೋಯಿತು. ಇನ್ನೊಂದು ಅರ್ಧಕ್ಕೆ ಬಂದು ಜಾರಿ ಬಿದ್ದಾಗ ಅವರ ಕೈ ತಾನಾಗಿ ಮುಂದೆ ಹೋಗಿ ನಿಂತಿತು.

ಬೆಟ್ಟದ ಮೇಲಿನಿಂದ ಮಳೆ ಬರುತ್ತಿರುವ ಸದ್ದು ಕೇಳಿಸಿತು. ಅವರ ಬಸ್ಸಿಗೂ ಹೊತ್ತಾಗುತ್ತಿತ್ತು. ನಾನು ಛತ್ರಿ ಬಿಚ್ಚಿ, "ಅವ್ವ, ಏಳಿ, ಹೋಗೋಣ್ವಾ?" ಎಂದೆ.

ಅವರು ಕಣ್ಣು ತೆಗೆಯದೆ ನನ್ನ ಸೆರಗು ಹಿಡಿದು ಕೆಳಗೆ ಎಳೆದರು.

"ತಡಿಯವ್ವ. ಬಿದ್ದಿದ್ದು ಮತ್ತ ಹತ್ತಾಕತ್ತೇತಿ. ಅದು ಹತ್ತೂತನಕ ಇರೂಣು."

ನಾನು ಅವರ ಪಕ್ಕದಲ್ಲಿ ಕೂತೆ.